ಮಹಡಿ ಅಜ್ಜಿಯ ಜೋಳದುಂಡೆ

ಎಲ್ಲಕ್ಕೂ ಕಾರಣ ಫೋನಿನಲ್ಲಿ ಬಾಯಿ ಜಾರಿ ಬಂದ ಒಂದು ಮಾತು. ತವರಿಗೆ ಹೋಗಿದ್ದ ಹೆಂಡತಿ, "ಪಾಪ, ಊಟಕ್ಕೇನ್ ಮಾಡ್ತಿದೀರೋ!" ಅಂದಳು. ವಾಚ್ ರಿಪೇರಿಯವನಿಗೆ ಆ 'ಪಾಪ' ಚುಚ್ಚಿತು.

"ಪಾಪ ಯಾಕೆ? ಜೋಳದುಂಡೆ ಕರಿದ್ಕೊಂಡು ತಿಂತಿದೀನಿ. ನಿಂದಕ್ಕಿಂತ ಚೆನ್ನಾಗಿ!"

"ಹೌದಾ? ಸಂಜೆ ಐದಕ್ಕೆ ಬರ್ತೀನಿ, ಬಿಸಿಬಿಸಿ ಇರ್ಲಿ. ಸುಳ್ಳಾದ್ರೆ, ಇನ್ಮೇಲೆ ನನ್ನ ಅಡುಗೇಲಿ ಉಪ್ಪು ಹೆಚ್ಚು, ಖಾರ ಕಮ್ಮಿ ಅಂತ ತುಟಿ ಬಿಚ್ಚಬಾರ್ದು."

ಹನ್ನೆರಡು ವರ್ಷದ ಸಂಸಾರದಲ್ಲಿ ಅವನಿಗೆ ಉಳಿದಿದ್ದ ಹಕ್ಕು ಅದೊಂದೇ. ಅಂಗಡಿ ಮುಚ್ಚಿ ಎದ್ದನೋ ಬಿದ್ದನೋ ಎಂದು ಮನೆಗೆ ಓಡಿದ. ಮುಸುಕಿನ ಜೋಳ ಬಿಡಿಸಿದ. ಕಾಳು ಅರೆಯಬೇಕೆಂದು ಅವನಿಗೆ ಹೊಳೆಯಲೇ ಇಲ್ಲ. ವಾಚಿನ ಹಲ್ಲುಚಕ್ರಗಳನ್ನು ಮುಟ್ಟುವಷ್ಟು ನಾಜೂಕಾಗಿ, ಒಂದೂ ನಲುಗದಂತೆ ಹಿಟ್ಟಿನಲ್ಲಿ ಕೂರಿಸಿ ಉಂಡೆ ಕಟ್ಟಿದ.

ಪಕ್ಕದ ಮನೆಯ ಮೇಷ್ಟ್ರು ಕಿಟಕಿಯಲ್ಲಿ ತಲೆ ತೂರಿಸಿದರು. "ಎಣ್ಣೆ ಇನ್ನೂ ಕಾಯ್ಲಿ ಕಣಯ್ಯ! ಹೊಗೆ ಬರ್ಬೇಕು!"

ಹೊಗೆ ಬಂತು. ಉಂಡೆ ಬಿತ್ತು. ಢಂ! ಇಡೀ ಕಾಳುಗಳು ಪಟಾಕಿಯಂತೆ ಸಿಡಿದವು. ಒಂದು ಉಂಡೆ ಸೂರಿಗೆ ಅಂಟಿತು, ಇನ್ನೊಂದು ಮೇಷ್ಟ್ರ ಕನ್ನಡಕಕ್ಕೆ ಬಡಿಯಿತು. ಮೇಷ್ಟ್ರು ಕಾಲಿಗೆ ಬುದ್ಧಿ ಹೇಳಿದರು.

ಗಂಟೆ ನಾಲ್ಕೂವರೆ! ಕರಿಯುವುದರಲ್ಲಿ ಎತ್ತಿದ ಕೈ ಎನಿಸಿದ್ದ ಮೇಲ್ಮಹಡಿಯ ಅಜ್ಜಿಯ ಮನೆಗೆ ಅವನು ಒಂದೇ ಉಸಿರಿಗೆ ಮೆಟ್ಟಿಲು ಹತ್ತಿದ. ಬಾಯಿ ತೆರೆಯುವ ಮೊದಲೇ ಅಜ್ಜಿ, "ಜೋಳದುಂಡೆ ತಾನೆ? ಪಾತ್ರೆ ತಂದಿದೀಯಾ?" ಎಂದರು. ಒಲೆಯ ಪಕ್ಕದಲ್ಲಿ ಬಿಸಿ ಉಂಡೆಗಳ ರಾಶಿಯೇ ಇತ್ತು. ಹೇಗೆ ಗೊತ್ತಾಯಿತೆಂದು ಕೇಳುವ ವ್ಯವಧಾನ ಅವನಿಗೆಲ್ಲಿ?

ಹೆಂಡತಿ ಬಂದು ಒಂದುಂಡೆ ಕಚ್ಚಿದಳು. ಅವನನ್ನೇ ದಿಟ್ಟಿಸಿ ನೋಡಿದಳು. "ಥೇಟ್ ನನ್ನ ಕೈರುಚಿ!"

ಗೆದ್ದೆ! ಅವನಿಗೆ ಕುಣಿಯುವಷ್ಟು ಖುಷಿಯಾಯಿತು.

"ಹಾಗಾದ್ರೆ ನಾಳೆ ಅಣ್ಣಂದಿರು ಬರ್ತಿದಾರೆ. ಅರ್ಧ ನಾನು ಕರೀತೀನಿ, ಅರ್ಧ ನೀವು. ಯಾರದು ಚೆನ್ನಾಗಿದೆ ಅಂತ ಅವರೇ ಹೇಳ್ಲಿ" ಎಂದು ಅವಳು ಕೈಕಾಲು ತೊಳೆಯಲು ಹೋದಳು.

ಅವನು ಪಾತ್ರೆ ಬಚ್ಚಿಟ್ಟುಕೊಂಡು ಬೆಕ್ಕಿನ ಹೆಜ್ಜೆಯಲ್ಲಿ ಮತ್ತೆ ಮಹಡಿ ಹತ್ತಿದ. ಅಜ್ಜಿಯ ಬಾಗಿಲಲ್ಲಿ ಆಗಲೇ ಯಾರೋ ನಿಂತಿದ್ದರು, ಸೆರಗಿನಡಿ ಪಾತ್ರೆ.

ಅವಳೇ!

"ಇಬ್ರೂ ಬಂದ್ರಾ? ಒಳ್ಳೇದೇ ಆಯ್ತು" ಅಜ್ಜಿ ನಕ್ಕರು. "ಹನ್ನೆರಡು ವರ್ಷ ಇವಳಿಗೆ ಕರಿದು ಕೊಟ್ಟೆ. ಇವತ್ತೂ ಇವಳು ಬರ್ತಾಳೆ ಅಂತ ಕರಿದಿಟ್ಟಿದ್ದೆ, ಕೆಳಗೆ ಢಂ ಅಂದಾಗ ನಿನ್ನ ಪಾಡೂ ಗೊತ್ತಾಯ್ತು. ನಾಳೆ ಬೆಳಗ್ಗೆ ನಾನು ಮಗಳ ಊರಿಗೆ ಹೊರಟೆ. ಇನ್ನು ನೀವೇ ಕರಿದ್ಕೊಳ್ಳಿ."

ಮರುದಿನ ಅಣ್ಣಂದಿರು ಹಜಾರದಲ್ಲಿ ತಟ್ಟೆ ಹಿಡಿದು ಕೂತಿದ್ದರು. ಗಂಡ ಹೆಂಡತಿ ಒಲೆಯ ಮುಂದೆ ಒಬ್ಬರ ಮುಖ ಒಬ್ಬರು ನೋಡುತ್ತ ನಿಂತಿದ್ದರು.

ಕಿಟಕಿಯಲ್ಲಿ ಹೊಸ ಕನ್ನಡಕವೊಂದು ಮೂಡಿತು. "ಎಣ್ಣೆ ಇನ್ನೂ ಕಾಯ್ಲಿ ಕಣಮ್ಮ!"