ಹೆಬ್ಬೆರಳಿನ ಬಟನ್

ತನ್ನ ವರ್ಗಾವಣೆ ಅರ್ಜಿ ಮೂರನೆಯ ಸಲ ಪರದೆಯಿಂದ ಮಾಯವಾದಾಗ ನಕ್ಷೆ ವಿಭಾಗದ ಗುಮಾಸ್ತ ಮೌಸನ್ನು ಎತ್ತಿ ಮೇಜಿಗೆ ಕುಕ್ಕಿದ. ತಪ್ಪೆಲ್ಲ ಅದರದ್ದೇ. ನಿನ್ನೆ ಇಡೀ ಕಚೇರಿಗೆ ಹಂಚಿದ ಈ ಹೊಸ ಮೌಸಿಗೆ ಪಕ್ಕದಲ್ಲಿ ಇನ್ನೆರಡು ಬಟನ್. ಅದರಲ್ಲೊಂದಕ್ಕೆ ಹೆಬ್ಬೆರಳು ಸೋಕಿದರೆ ಸಾಕು, ಹಿಂದಿನ ಪುಟಕ್ಕೆ ಹಾರಿ, ತುಂಬಿದ್ದೆಲ್ಲ ಅಳಿಸಿಹೋಗುತ್ತಿತ್ತು. ಅರ್ಜಿಗೆ ಇವತ್ತು ಐದು ಗಂಟೆಯೇ ಕಡೆ. ತಪ್ಪಿದರೆ, ಎಲ್ಲದಕ್ಕೂ ಮೂಗು ತೂರಿಸುವ ಈ ಜನರ ನಡುವೆ ಇನ್ನೂ ಮೂರು ವರ್ಷ.

ಮೂಗುಗಳು ಆಗಲೇ ಬಂದವು.

"ಅದನ್ನ ತಿರುಗಿಸಿ ಹಿಡ್ಕೊಳ್ಳಿ, ಬಟನ್ ಆಚೆ ಕಡೆ ಹೋಗತ್ತೆ," ಎಂದರು ಟಪಾಲು ವಿಭಾಗದ ಅಕ್ಕ. ತಿರುಗಿಸಿ ಹಿಡಿದ. ಪರದೆಯ ಮೇಲಿನ ಬಾಣ ಎಡಕ್ಕೆಂದರೆ ಬಲಕ್ಕೆ, ಮೇಲಕ್ಕೆಂದರೆ ಕೆಳಕ್ಕೆ ಓಡಿತು.

"ನಮ್ಮ ಕಂಪ್ಯೂಟರ್‌ಗೆ ಹಾಕಿರೋದು ಲಿನಕ್ಸು, ಅದರಲ್ಲಿ ಎಲ್ಲಾ ಆಗತ್ತೆ, ಸರೀರಿ," ಎಂದು ಸ್ಟೋರಿನವನು ಕುರ್ಚಿಯನ್ನೇ ಕಿತ್ತುಕೊಂಡು ಏನೋ ಒಂದು ಸಾಲು ಟೈಪಿಸಿದ. ಎಡ ಬಟನ್ನೇ ಸತ್ತುಹೋಯಿತು. "ನಿಮ್ಮ ಕೈಗುಣ ಸರಿ ಇಲ್ಲ," ಎಂದು ಹೇಳಿ ಎದ್ದುಹೋದ.

ಗುಮಾಸ್ತನಿಗೆ ಮೈಯೆಲ್ಲ ಉರಿದುಹೋಯಿತು. "ಇನ್ನು ಯಾರಾದ್ರೂ ಇದನ್ನ ಮುಟ್ಟಿದ್ರೆ ನಾನು ಸುಮ್ನಿರಲ್ಲ," ಎಂದು ಗುಡುಗಿ, ಊಟ ಬಿಟ್ಟು ಕುಳಿತ. ಮೌಸ್ ಪರೀಕ್ಷಿಸುವ ಕಿಟಕಿ ತೆರೆದು ಒಂದೊಂದೇ ಬಟನ್ ಒತ್ತಿ, ಪರದೆಯಲ್ಲಿ ಮೂಡುವ ಸಂಖ್ಯೆ ಬರೆದುಕೊಂಡ. ಎಡದ್ದು ಒಂದು, ಚಕ್ರ ಎರಡು, ಬಲದ್ದು ಮೂರು. ಆ ಹಾಳು ಹೆಬ್ಬೆರಳಿನದು ಎಂಟು. ಸ್ಟೋರಿನವನು ಟೈಪಿಸಿದ್ದ ಸಾಲನ್ನು ತಿದ್ದಿ ಒಂದಕ್ಕೆ ಜೀವ ಕೊಟ್ಟು, ಎಂಟರ ಜಾಗದಲ್ಲಿ ಬಟನ್ನನ್ನೇ ಸಾಯಿಸುವ ಸೊನ್ನೆ ಹಾಕಿದ. ಹೆಬ್ಬೆರಳಿಂದ ಒತ್ತಿದ. ಏನೂ ಆಗಲಿಲ್ಲ. ಏನೂ ಆಗದಿದ್ದದ್ದಕ್ಕೆ ಅವನು ಇಷ್ಟು ಖುಷಿಪಟ್ಟದ್ದು ಜೀವನದಲ್ಲೇ ಮೊದಲು.

ನಾಲ್ಕೂವರೆಗೆ ಅರ್ಜಿ ಹೋಯಿತು. ಹತ್ತು ನಿಮಿಷದಲ್ಲಿ ಸಾಹೇಬರ ಕೋಣೆಗೆ ಬರುವಂತೆ ಕರೆ ಬಂತು.

"ಮಂಜೂರು ಮಾಡೋಣ ಅಂತ ಮೂರು ಸಲ ನಿಮ್ಮ ಅರ್ಜಿ ತೆಗೆದೆ ಕಣ್ರೀ. ಟಿಪ್ಪಣಿ ಬರೀತಿದ್ದಂಗೆ ಪುಟಾನೇ ಹಾರಿಹೋಗತ್ತೆ. ದರಿದ್ರ ಮೌಸು."

"ಕೊಡಿ ಸಾರ್, ನಾನು ಮಾಡ್ಕೊಡ್ತೀನಿ."

ಎರಡೇ ನಿಮಿಷ. ಎಂಟಕ್ಕೆ ಸೊನ್ನೆ ಬಿತ್ತು. ಸಾಹೇಬರು ಹೆಬ್ಬೆರಳಿಂದ ಒತ್ತಿ ನೋಡಿದರು, ಮತ್ತೊಮ್ಮೆ ಒತ್ತಿದರು. ಅವರ ಮುಖ ಅರಳಿತು.

"ಆಫೀಸಲ್ಲಿ ಇಂಥವು ಇನ್ನೂ ಅರವತ್ತು ಇವೆ. ಇದನ್ನ ಸರಿ ಮಾಡೋಕೆ ಬರೋ ಒಬ್ಬನೇ ಒಬ್ಬನ್ನ ಬೇರೆ ಕಡೆ ಕಳಿಸೋಕೆ ನನಗೇನು ತಲೆ ಕೆಟ್ಟಿದೆಯಾ?"

ಸಾಹೇಬರು ನಿಧಾನವಾಗಿ ಬಾಣವನ್ನು 'ತಿರಸ್ಕರಿಸಿ' ಎಂಬಲ್ಲಿಗೆ ಒಯ್ದು ಒತ್ತಿದರು. ಈ ಸಲ ಪುಟ ಎಲ್ಲಿಗೂ ಹಾರಲಿಲ್ಲ.