ಒಂದು ಟೆಂಪೊ, ಇಬ್ಬರು ಹಪ್ಪಳದವರು

ಒಬ್ಬಳೇ ದುಡಿದು ಮೇಲೆ ಬಂದವಳು ನಾನು ಎಂದು ಹೇಳಿಕೊಳ್ಳಲು ಬಾಯಿ ತೆರೆದಾಗಲೆಲ್ಲ ಏನಾದರೊಂದು ನಡೆದು ಮಾತು ಅರ್ಧಕ್ಕೇ ನಿಲ್ಲುತ್ತದೆ. ಶಿರಸಿಯಲ್ಲಿ ನನ್ನದೊಂದು ಹಲಸಿನ ಹಪ್ಪಳದ ಶೆಡ್ ಇದೆ. ಶಾಲೆ ಕಂಡದ್ದು ಕಡಿಮೆ. ಓದಲು ಕಲಿತದ್ದು ಸಾಮಾನು ಕಟ್ಟಿ ಬಂದ ಪತ್ರಿಕೆಯ ಹಾಳೆಗಳಲ್ಲಿ. ಈಗ ಗ್ರಂಥಾಲಯದ ಪುಸ್ತಕಗಳನ್ನೂ ಬಿಡುವುದಿಲ್ಲ. ಅಂಥ ಒಂದು ಪುಸ್ತಕದಲ್ಲಿ, ಉದ್ಯಮ ಬೆಳೆಯಲು ವ್ಯಾಪಾರಿಗಳ ನಡುವೆ ಜಾಲ ಬೇಕು ಎಂದು ಒಂದು ಇಡೀ ಅಧ್ಯಾಯವೇ ಇತ್ತು. ನಮ್ಮ ಕಡೆ ಅದಕ್ಕೆ ಒಂದು ಟೆಂಪೊ ಸಾಕು.

ಈ ಸಲ ಹಲಸು ಬಲಿಯುವ ಮೊದಲೇ ಹುಬ್ಬಳ್ಳಿಯ ಕಿರಾಣಿ ವ್ಯಾಪಾರಿ ಫೋನ್ ಮಾಡಿದರು: "ಅಕ್ಕಾರ, ಇನ್ನ ಮ್ಯಾಲೆ ಒಬ್ಬರ ಕಡೆಯಿಂದ ಅಷ್ಟ ಹಪ್ಪಳ ತಗೋತೀನ್ರಿ. ನೀವರ ಆಗ್ಲಿ, ಸಿದ್ದಾಪುರದವರರ ಆಗ್ಲಿ. ಮಾಲು ನೋಡಿ ಹೇಳ್ತೀನಿ."

ಸಿದ್ದಾಪುರದವಳೆಂದರೆ ನನ್ನ ಎದುರಾಳಿ. ನನ್ನ ಹಪ್ಪಳದಲ್ಲಿ ಮುಕ್ಕಾಲು ಪಾಲು ಹೋಗುವುದು ಆ ಅಂಗಡಿಗೇ. ಅದು ಕೈಬಿಟ್ಟರೆ ಶೆಡ್ಡಿಗೆ ಬೀಗ. ಅವಳ ಸ್ಥಿತಿಯೂ ಅದೇ.

ಬೇಹುಗಾರಿಕೆ

ಯಲ್ಲಾಪುರದ ಸಾಹೇಬರ ಟೆಂಪೊ ಶಿರಸಿ, ಸಿದ್ದಾಪುರ ಸುತ್ತಿ ಎಲ್ಲರ ಸಾಮಾನೂ ಸಾಗಿಸುತ್ತದೆ. ನಾನು ಗುಟ್ಟಾಗಿ ಸಾಹೇಬರ ಕೈಯಲ್ಲಿ ಅವಳ ಹಪ್ಪಳ ತರಿಸಿ, ಕರಿದು, ತಿಂದು, ಕುಂದು ಹುಡುಕುತ್ತಿದ್ದೆ.

ಒಂದು ದಿನ ಹೆಮ್ಮೆಯಿಂದ ಹೇಳಿದೆ, "ಸಾಹೇಬ್ರೆ, ಸಿದ್ದಾಪುರದಲ್ಲಿ ನನಗೊಬ್ಬರು ಖಾಯಂ ಗಿರಾಕಿ ಆಗಿದ್ದಾರೆ ನೋಡಿ. ವಾರ ತಪ್ಪುವುದಿಲ್ಲ."

ಸಾಹೇಬರು ಬೀಡಿ ಆರಿಸಿ ನಕ್ಕರು. "ಅವರೇ ಅಮ್ಮಾ, ನಿಮ್ಮ ಎದುರಾಳಿ. ಅವರೂ ಕರಿದು ನೋಡ್ತಾರೆ. ದಯವಿಟ್ಟು ನೀವಿಬ್ಬರೂ ರಾಜಿ ಆಗಬೇಡಿ. ನನಗೆ ಎರಡೂ ಕಡೆ ಬಾಡಿಗೆ ಇದೆ."

ಬಿಟ್ಟುಹೋದ ಇಂಗು

ಯಲ್ಲಾಪುರದಲ್ಲಿ ಹಪ್ಪಳ ಮಾಡುವವರ ಸಭೆ ಆಯಿತು. ಒಬ್ಬರ ತಿಳಿವಳಿಕೆ ಇನ್ನೊಬ್ಬರಿಗೆ ಸಿಗಬೇಕು ಎಂದು ಭಾಷಣವಾಯಿತು. ಚಹದ ಹೊತ್ತಿಗೆ ನಾನು ಸಿದ್ದಾಪುರದವಳನ್ನೇ ಕೇಳಿದೆ, "ನಿನ್ನ ಹಪ್ಪಳಕ್ಕೆ ಎಂತೆಂತ ಹಾಕ್ತೆ?"

"ಮೆಣಸು, ಉಪ್ಪು, ಕೊತ್ತಂಬರಿ. ಮತ್ತೆಂತದೂ ಇಲ್ಲೆ," ಎಂದಳು.

ಅವಳ ಹಪ್ಪಳದ ಇಂಗು ಪೊಟ್ಟಣ ಬಿಚ್ಚುವ ಮೊದಲೇ ಮೂಗಿಗೆ ಹೊಡೆಯುತ್ತದೆ. ಅದರ ಹೆಸರನ್ನೇ ನುಂಗಿದಳಲ್ಲ! ನನಗೆ ಹಠ ಬಂತು. ಅವಳು ಹೇಳಿದಂತೆಯೇ ಇಂಗಿಲ್ಲದೆ ಒಂದಷ್ಟು ಹಪ್ಪಳ ಮಾಡಿ, ಅವಳಿಗೇ ತಿನ್ನಿಸಬೇಕೆಂದು ಸಾಹೇಬರ ಕೈಯಲ್ಲಿ ಕಳಿಸಿದೆ. ಸಾಹೇಬರು ತಮ್ಮೂರು ಯಲ್ಲಾಪುರದ ಖಾನಾವಳಿಯವರಿಗೆ ಒಂದೆರಡು ರುಚಿ ತೋರಿಸಿದ್ದಾರೆ. ಇಂಗು ಆಗದ ಊಟದವರು ಅಲ್ಲಿ ಬಹಳವಂತೆ. ತಿಂಗಳಿಗಿಷ್ಟು ಬೇಕು ಎಂದು ಮರುದಿನವೇ ಹೇಳಿ ಕಳಿಸಿದರು.

ಸುದ್ದಿ ತಿಳಿದ ಅವಳು ಫೋನಿನಲ್ಲಿ ಹಾರಾಡಿದಳು. "ಇಂಗು ಬಿಟ್ಟು ಮಾಡದು ನಿಂಗೆ ಯಾರೇ ಹೇಳ್ಕೊಟ್ಟಿದ್ದು?"

"ನೀನೇ ಸೈ, ಮಾರಾಯ್ತಿ!"

ಮುಯ್ಯಾಳು

ಮದುವೆಗಳ ಕಾಲ; ಕೆಲಸಕ್ಕೆ ಹೆಂಗಸರು ಸಿಗಲಿಲ್ಲ. ಮೋಡ ಬೇರೆ ಕವಿಯಿತು. ಮಳೆ ಬಿದ್ದರೆ ಹಪ್ಪಳ ಒಣಗುವುದಿಲ್ಲ, ಹುಬ್ಬಳ್ಳಿಗೆ ತೋರಿಸಲು ಮಾಲೇ ಇರುವುದಿಲ್ಲ. ಇಬ್ಬರ ಗೋಳನ್ನೂ ಕೇಳಿದ್ದ ಸಾಹೇಬರು, "ಗದ್ದೆ ನಾಟಿಗೆ ಮುಯ್ಯಾಳು ಹೋಗ್ತೀರಲ್ಲ, ಹಪ್ಪಳಕ್ಕೆ ಯಾಕೆ ಆಗಬಾರದು?" ಎಂದರು.

ಮುಯ್ಯಾಳೆಂದರೆ ಇವತ್ತು ನಾನು ನಿನ್ನಲ್ಲಿ ದುಡಿದರೆ ನಾಳೆ ನೀನು ನನ್ನಲ್ಲಿ. ಕೂಲಿ ಇಲ್ಲ, ಊಟ ಉಂಟು. ಟೆಂಪೊ ಹತ್ತಿ ಒಂದು ದಿನ ನಾನು ಸಿದ್ದಾಪುರಕ್ಕೆ, ಮರುದಿನ ಅವಳು ಶಿರಸಿಗೆ. ಮನೆಯವಳು ಉಂಡೆ ಕಟ್ಟಿದರೆ ಒತ್ತುವುದು ಬಂದವಳು.

"ಅಂಚು ಇಷ್ಟು ದಪ್ಪ ಬಿಟ್ರೆ ಇದು ಹಪ್ಪಳ ಅಲ್ಲ, ರೊಟ್ಟಿ," ಎಂದೆ.

"ನಿಂದು ಗಾಳಿಗೆ ಹಾರ್ತು. ಮೇಲೊಂದು ಕಲ್ಲಿಡು," ಎಂದಳು.

ಮಳೆಗೆ ಮೊದಲು ಎರಡೂ ಕಡೆಯ ಮಾಲು ಒಣಗಿತು. ಎದುರು ಕೂತು ಬೈಯುವವರಿದ್ದರೆ ಕೈ ಬೇಗ ಓಡುತ್ತದೆ. ಪುಸ್ತಕದವರಿಗೆ ಇದು ಗೊತ್ತಿರಲಿಲ್ಲ.

ಎರಡು ತಟ್ಟೆ

ಹುಬ್ಬಳ್ಳಿಯ ವ್ಯಾಪಾರಿ ನನ್ನ ಶೆಡ್ಡಿಗೇ ಬಂದರು. ಸಾಹೇಬರು ಅವಳನ್ನೂ ಕರೆತಂದರು. ವ್ಯಾಪಾರಿ ಇಬ್ಬರ ಪೊಟ್ಟಣವನ್ನೂ ಒಳಗೊಯ್ದು ಕರಿಸಿ, ಎರಡು ತಟ್ಟೆ ಮುಂದಿಟ್ಟರು.

"ನಿಮ್ಮ ಮಾಲು ನಿಮಗರ ಗುರ್ತು ಸಿಗ್ತದೇನು ಹೇಳ್ರಿ. ಗುರ್ತು ಹಿಡಿದವರಿಗೆ ಆರ್ಡರ್."

ಎರಡೂ ತಟ್ಟೆಯಲ್ಲಿ ಇಂಗಿನ ಘಮವಿತ್ತು. ಆದರೆ ತೆಳ್ಳಗಿನ ಅಂಚು ಕಂಡ ಕೂಡಲೇ ಬಲಗಡೆಯ ತಟ್ಟೆ ಎಳೆದುಕೊಂಡೆ. "ಇದು ನಂದು."

ಅವಳು ದಪ್ಪ ಅಂಚಿನ ಎಡತಟ್ಟೆ ಅಪ್ಪಿಕೊಂಡಳು. "ಇದು ಯಂದು."

ವ್ಯಾಪಾರಿ ತಲೆಯಾಡಿಸಿದರು. "ಇಬ್ಬರೂ ತಪ್ಪು! ಶಿರಸಿ ಅಕ್ಕಾರ, ನೀವು ಹಿಡಿದದ್ದು ಸಿದ್ದಾಪುರದ ಪೊಟ್ಟಣದ್ದು. ಅವರು ಹಿಡಿದದ್ದು ನಿಮ್ಮದು!"

"ತಪ್ಪಲ್ಲ! ಅವಳ ಶೆಡ್ಡಲ್ಲಿ ಕೂತು ಒತ್ತಿದವಳು ನಾನೇ!" ಎಂದೆ.

"ಇವಳ ಶೆಡ್ಡಲ್ಲಿ ಒತ್ತಿದ್ದು ಆನು!" ಎಂದು ಅವಳೂ ಕೂಗಿದಳು.

ವ್ಯಾಪಾರಿ ಒಮ್ಮೆ ಅವಳನ್ನು, ಒಮ್ಮೆ ನನ್ನನ್ನು ನೋಡಿದರು. "ಹಂಗಾದ್ರ ಆರ್ಡರ್ ಯಾರಿಗೆ ಕೊಡ್ಲಿ?"

"ನನಗೆ!" "ಯಂಗೆ!" ಇಬ್ಬರದೂ ಒಂದೇ ಉಸಿರು.

ಬಾಗಿಲಲ್ಲಿ ನಿಂತು ಮೂರನೆಯ ಹಪ್ಪಳ ಮುರಿಯುತ್ತಿದ್ದ ಸಾಹೇಬರು ಹೇಳಿದರು, "ಅರ್ಧ ಅರ್ಧ ಕೊಟ್ಟುಬಿಡಿ ಸಾರ್. ಒಬ್ಬರಿಗೇ ಕೊಟ್ಟರೂ ಮಾಡೋದು ಇನ್ನೊಬ್ಬರೇ."