ಎಡಗೈಯಲ್ಲಿ ಉಣ್ಣುವ ಪಟ್ಟಣ

ಇವತ್ತು ಹೊತ್ತು ಮುಳುಗಿದ ಮೇಲೆ ಈಶ್ವರಮಂಗಲದಲ್ಲಿ ಒಂದು ಚರಿತ್ರೆ ನಡೆಯಲಿದೆ ಎಂದು ಹಂಝ ಸರಕಾರಿ ಜೀಪಿನಲ್ಲಿ ಕುಳಿತೇ ಘೋಷಿಸಿದ.

"ನೋಡ್ತಾ ಇರಿ ದೇರಣ್ಣ! ಇವತ್ತು ಚಿತ್ರ ತೋರಿಸ್ತೇನೆ, ನಾಳೆ ಬೆಳಿಗ್ಗೆ ರುಕಿಯಾನನ್ನು ಇದೇ ಜೀಪಿನಲ್ಲಿ ಕೂರಿಸಿ ದರ್ಬೆಗೆ ಕರ್ಕೊಂಡು ಹೋಗ್ತೇನೆ. ಮಾಮಿ ತಡೆದರೆ ನನ್ನ ಹೆಸರು ಹಂಝ ಅಲ್ಲ!"

"ಹಾಗಾದ್ರೆ ಹೊಸ ಹೆಸರು ಎಂತ ಇಡುದು ಅಂತ ನಾನು ಈಗಲೇ ಯೋಚನೆ ಮಾಡ್ತೇನೆ ಮಾರಾಯ," ಎಂದ ಜೀಪು ಓಡಿಸುತ್ತಿದ್ದ ದೇರಣ್ಣ.

ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ಐದಾರು ವರ್ಷವಾಗಿದ್ದ ಕಾಲ ಅದು. ಹಳ್ಳಿ ಹಳ್ಳಿಗೆ ಹೋಗಿ ಆರೋಗ್ಯ, ಗೊಬ್ಬರ, ಶುಚಿತ್ವಗಳ ಕುರಿತು ಚಿತ್ರ ತೋರಿಸುವ ಪ್ರಚಾರದ ಜೀಪಿನಲ್ಲಿ ಹಂಝನಿಗೆ ಕೆಲಸ. ಕೇಳಿದವರಿಗೆಲ್ಲ ಆತ ತನ್ನನ್ನು 'ಚಿತ್ರ ಪ್ರದರ್ಶನಾಧಿಕಾರಿ' ಎಂದೇ ಪರಿಚಯಿಸಿಕೊಳ್ಳುತ್ತಿದ್ದ. ಯಂತ್ರ ನಡೆಸುವ ನಿಜವಾದ ಅಧಿಕಾರ ಗುತ್ತಿಗಾರು ಊರಿನ ದೇರಣ್ಣನದ್ದು. ಹಂಝನ ಅಧಿಕಾರದ ವ್ಯಾಪ್ತಿ ಎರಡೇ: ಪರದೆ ಕಟ್ಟುವುದು, ಪ್ರದರ್ಶನ ಮುಗಿದ ಮೇಲೆ ರೀಲನ್ನು ತಿರುಗಿ ಸುತ್ತಿಡುವುದು.

ಮದುವೆಯಾಗಿ ವರ್ಷ ತುಂಬುತ್ತ ಬಂದಿದ್ದರೂ ರುಕಿಯಾ ಇನ್ನೂ ಈಶ್ವರಮಂಗಲದ ತಾಯಿಮನೆಯಲ್ಲೇ ಇದ್ದಳು. ಹಂಝ ರಜೆಯ ದಿನ 'ಪುದಿಯಾಪ್ಳೆ'ಯಾಗಿ, ಎಂದರೆ ಹೊಸ ಅಳಿಯನಾಗಿ, ಬಂದು ಕೋಳಿ ತಿಂದು ಹೋಗುವುದು. ಪಟ್ಟಣದ ದರ್ಬೆಯಲ್ಲಿ ಆತ ಹಿಡಿದ ಬಾಡಿಗೆ ಬಿಡಾರ ಹೆಂಡತಿಯ ದಾರಿ ಕಾಯುತ್ತಿತ್ತು. ಕಳಿಸಲು ಒಪ್ಪದವರು ಅತ್ತೆ ಜೈನಬಮ್ಮ. ಅತ್ತೆಯಾದವಳು ಪುದಿಯಾಪ್ಳೆಯ ಕಣ್ಣೆದುರು ಬರುವುದುಂಟೇ! ಆಕೆ ಬಾಗಿಲ ಹಿಂದೆ ನಿಂತು, ಮಗಳಿಗೆ ಹೇಳುವ ಹಾಗೆ ಅಳಿಯನಿಗೆ ಹೇಳುತ್ತಿದ್ದರು. ಹಂಝ ಆವರೆಗೆ ಕಂಡದ್ದು ಅತ್ತೆಯ ಕೈ ಮತ್ತು ಆ ಕೈ ಹಿಡಿದ ತಟ್ಟೆ, ಅಷ್ಟೇ. ಆದರೆ ಬಾಗಿಲು ದಾಟಿ ಬಂದ ಆ ಒಂದು ಮಾತು ಮಾತ್ರ ಎದೆಯಲ್ಲಿ ನಾಟಿತ್ತು.

"ರುಕಿಯಾ, ಕತ್ತಲೆಯಲ್ಲಿ ಮಾಡುವ ಕೆಲಸ ಎಂತ ಕೆಲಸ? ಹಗಲಿಗೆ ಮಾಡುವ ಒಂದು ಕೆಲಸ ಹಿಡಿಯಲಿಕ್ಕೆ ಹೇಳು. ಆಮೇಲೆ ಕಳಿಸುವ."

ಅದಕ್ಕೇ ಈ ದಂಡಯಾತ್ರೆ. ಹಿಂದಿನ ದಿನ ಹತ್ತಿರದ ಶಾಲೆಯಲ್ಲಿ ಪ್ರದರ್ಶನವಿತ್ತು. ಮಾವ ಆದಂ ಕುಂಞಿ ಊರಲ್ಲಿ ನಾಲ್ಕು ಜನಕ್ಕೆ ಬೇಕಾದವರು. ಅವರ ಅಂಗಳದಲ್ಲೂ ಒಂದು ಪ್ರದರ್ಶನ ಇಡಲು ದೇರಣ್ಣ ಒಪ್ಪಿದ. ಚಿತ್ರವನ್ನು ಆರಿಸಿದವನು ಹಂಝನೇ. ಹಾಡಿಲ್ಲ, ಕುಣಿತವಿಲ್ಲ. ಪಟ್ಟಣದಲ್ಲಿ ಗಂಡ ಹೆಂಡತಿ ಚೊಕ್ಕವಾಗಿ ಸಂಸಾರ ಮಾಡುವ ಚಿತ್ರ. ಕೈ ತೊಳೆಯುತ್ತಾರೆ, ಉಣ್ಣುತ್ತಾರೆ, ನಗುತ್ತಾರೆ. ಅದನ್ನು ಕಂಡ ಯಾವ ಅತ್ತೆ ತಾನೇ ಮಗಳನ್ನು ಪಟ್ಟಣಕ್ಕೆ ಕಳಿಸದೆ ಇದ್ದಾಳು!

ಅಂಗಳದಲ್ಲಿ ಜೀಪು ನಿಂತಿತು. ಜನರೇಟರ್ ಇಳಿಯಿತು, ಯಂತ್ರ ಇಳಿಯಿತು, ದೇರಣ್ಣನೂ ಇಳಿದ.

"ಪರದೆ ತೆಗಿ ಮಾರಾಯ."

ಹಂಝ ಜೀಪಿನ ಒಳಗೆ ನೋಡಿದ. ಅಡಿಗೆ ನೋಡಿದ. ಕೊನೆಗೆ ಆಕಾಶ ನೋಡಿದ.

"ದೇರಣ್ಣ... ಪರದೆ ಶಾಲೆಯ ಗೋಡೆಯಲ್ಲೇ ಬಾಕಿ ಆಯ್ತು ಅಂತ ಕಾಣ್ತದೆ."

"ನಿನಗೆ ಸರಕಾರ ಕೊಟ್ಟದ್ದು ಎರಡು ಕೆಲಸ. ಅದರಲ್ಲಿ ಒಂದನ್ನು ನೀನು ಗೋಡೆಗೆ ತೂಗು ಹಾಕಿ ಬಂದಿ! ಶಾಲೆಗೆ ಬೀಗ ಹಾಕಿ ಮಾಸ್ಟ್ರು ಊರಿಗೆ ಹೋಗಿಯೂ ಆಯ್ತು."

ಮರ್ಯಾದೆ ಉಳಿಸಿದವಳು ರುಕಿಯಾ. ಹಬ್ಬಕ್ಕೆಂದು ತೆಗೆದಿಟ್ಟಿದ್ದ ಅಪ್ಪನ ಎರಡು ಬಿಳಿ ಮುಂಡುಗಳನ್ನು ಪೆಟ್ಟಿಗೆಯಿಂದ ತೆಗೆದು ಅಂಚಿಗೆ ಅಂಚು ಸೇರಿಸಿ ಹೊಲಿದುಕೊಟ್ಟಳು. ಅದನ್ನು ಜಗಲಿಯ ಎರಡು ಕಂಬಗಳ ನಡುವೆ ಬಿಗಿದದ್ದಾಯಿತು. ಗಂಡಸರೂ ಯಂತ್ರವೂ ಅಂಗಳದಲ್ಲಿ. ಹೆಂಗಸರು ಬಟ್ಟೆಯ ಹಿಂದೆ, ಜಗಲಿಯಲ್ಲಿ. ತೆಳು ಬಟ್ಟೆ, ಎರಡೂ ಬದಿಗೆ ಚಿತ್ರ ಕಾಣುತ್ತದೆ. ಒಂದೇ ಪರದೆಯಲ್ಲಿ ಎರಡು ಪ್ರದರ್ಶನ! ತನ್ನ ಬುದ್ಧಿಗೆ ತಾನೇ ತಲೆದೂಗುತ್ತ ಹಂಝ ತುಪ್ಪದನ್ನಕ್ಕೆ ಕುಳಿತ.

ದೇರಣ್ಣನೂ ಕುಳಿತ. ಅಕ್ಕಿಯ ಪತ್ತಿರ್ ರೊಟ್ಟಿ, ಕೋಳಿ ಸಾರು, ಮತ್ತೆ ಪತ್ತಿರ್. ಬಾಗಿಲ ಹಿಂದಿನಿಂದ ತಟ್ಟೆ ಬರುತ್ತಲೇ ಇತ್ತು. ಮುಗಿಯುವಾಗ ದೇರಣ್ಣ ಏಳುವ ಸ್ಥಿತಿಯಲ್ಲಿರಲಿಲ್ಲ.

"ನೀನೇ ಬಿಡು ಮಾರಾಯ, ಅಧಿಕಾರಿ ಅಲ್ವಾ? ನಾನು ಇಲ್ಲಿಂದಲೇ ನೋಡ್ತೇನೆ," ಎಂದು ಆತ ಬೆಂಚಿಗೆ ಒರಗಿದ.

ಹಂಝನ ಎದೆ ಉಬ್ಬಿತು. ಗುಂಡಿ ಒತ್ತಿದ. ಯಂತ್ರ ಟರಟರ ಎಂದಿತು. ಬೆಳಕು ಬಿತ್ತು.

ಪಟ್ಟಣದ ಸಂಸಾರ ಛಾವಣಿಯಿಂದ ನೇತಾಡುತ್ತಿತ್ತು! ತಲೆ ಕೆಳಗೆ, ಕಾಲು ಮೇಲೆ. ಗಂಡ ಹಿಂದೆ ಹಿಂದೆ ನಡೆದು ಬಂದ. ಹೆಂಡತಿ ಬಾಯಿಂದ ತುತ್ತು ಹೊರತೆಗೆದು ಬಟ್ಟಲಿಗೆ ಜೋಡಿಸಿಟ್ಟಳು. ಮಗು ಕುಡಿದ ಹಾಲು ತುಟಿಯಿಂದ ಹೊರಟು ಲೋಟಕ್ಕೆ ತುಂಬಿತು.

"ಬಾವಲಿಗಳ ಚಿತ್ರವಾ ಹಂಝ?" ಆದಂ ಕುಂಞಿ ಗಂಭೀರವಾಗಿ ಕೇಳಿದರು.

"ರೀಲು ತಿರುಗಿ ಸುತ್ತಲಿಲ್ಲ ಅವ," ಬೆಂಚಿನಿಂದ ದೇರಣ್ಣ ಹೇಳಿದ. "ಅಲ್ಲಿಗೆ ಸರಕಾರ ಕೊಟ್ಟ ಎರಡನೇ ಕೆಲಸವೂ ಮುಗಿಯಿತು!"

ಹಂಝ ಬೆವರುತ್ತ ರೀಲು ಸುತ್ತಿದ. ಮತ್ತೆ ಗುಂಡಿ. ಈ ಸಲ ಎಲ್ಲರೂ ನೆಟ್ಟಗೆ ನಿಂತಿದ್ದರು, ಆದರೆ ದಟ್ಟ ಮಂಜಿನಲ್ಲಿ. ಯಾರು ಗಂಡ, ಯಾವುದು ಕಪಾಟು ಎಂದು ತಿಳಿಯದು. ಹಂಝ ಲೆನ್ಸನ್ನು ಹಿಂದಕ್ಕೆ ತಿರುಗಿಸಿದ, ಮುಂದಕ್ಕೆ ತಿರುಗಿಸಿದ, ಬೆರಳಿನಿಂದ ಚೆನ್ನಾಗಿ ಒರೆಸಿದ. ಮಂಜು ಇನ್ನೂ ದಟ್ಟವಾಯಿತು!

"ತುಪ್ಪದ ಕೈ ಮಾರಾಯ, ತುಪ್ಪದ ಕೈ!" ದೇರಣ್ಣ ಕೂಗಿದ. "ಲೆನ್ಸಿಗೆ ಒಗ್ಗರಣೆ ಹಾಕ್ತಿಯಾ ನೀನು?"

ಅಂಗಿಯ ತುದಿಯಿಂದ ಉಜ್ಜಿ ಉಜ್ಜಿ ಮಂಜು ಕರಗಿಸಿದ್ದಾಯಿತು. ಗ್ಯಾಸ್‌ಲೈಟು ಆರಿಸಿದ್ದಾಯಿತು. ಆಹಾ, ಚಿತ್ರ ಸ್ಫಟಿಕದಂತೆ! ಒಂದೇ ಊನವೆಂದರೆ, ಮುಂಡುಗಳನ್ನು ಜೋಡಿಸಿದಲ್ಲಿ ಎರಡು ಹಸಿರು ಅಂಚು ಸೇರಿ ಪರದೆಯ ನಡುಮಧ್ಯೆ ಅಡ್ಡಲಾಗಿ ದಪ್ಪ ಪಟ್ಟಿಯೊಂದು ಬಿದ್ದಿತ್ತು. ಮುಖ ಹತ್ತಿರ ಬಂದಾಗಲೆಲ್ಲ ಅದು ಸರಿಯಾಗಿ ಮೂಗಿನ ಕೆಳಗೆ ಕೂರುತ್ತಿತ್ತು. ಗಂಡನಿಗೆ ಹಸಿರು ಮೀಸೆ, ಹೆಂಡತಿಗೆ ಹಸಿರು ಮೀಸೆ, ತೊಟ್ಟಿಲ ಮಗುವಿಗೂ ಮೀಸೆ!

"ಇರಲಿ, ಗಂಡು ಮಗು," ಎಂದರು ಆದಂ ಕುಂಞಿ ಉದಾರವಾಗಿ.

ಹಂಝ ಗಂಟಲು ಸರಿಪಡಿಸಿಕೊಂಡು ವಿವರಣೆಗೆ ಇಳಿದ. "ಇದು ಪಟ್ಟಣದ ಮನೆ. ನೋಡಿ, ಒಳಗೇ ನಲ್ಲಿ ಉಂಟು. ಅಡುಗೆಕೋಣೆ ಬೇರೆ, ಬಚ್ಚಲು ಬೇರೆ. ಗಂಡ ಹೆಂಡತಿಗೆ ಹೇಗೆ ಪ್ರೀತಿಯಿಂದ ಸಿಹಿ ಕೊಡ್ತಾನೆ ನೋಡಿ! ನಮ್ಮ ದರ್ಬೆಯಲ್ಲಿ ಎಲ್ಲ ಹೀಗೆಯೇ!"

ಬಟ್ಟೆಯ ಆಚೆ ಗುಸುಗುಸು ಎದ್ದಿತು. ಬಳೆಗಳ ಸದ್ದು. ಆಮೇಲೆ ಆ ಧ್ವನಿ.

"ರುಕಿಯಾ, ಪುದಿಯಾಪ್ಳೆಯತ್ರ ಕೇಳು. ದರ್ಬೆಯಲ್ಲಿ ಎಲ್ಲರೂ ಎಡಗೈಯಲ್ಲಿ ಉಣ್ಣುದಾ?"

ಹಂಝ ದಂಗಾದ. "ಎಡಗೈಯಾ? ಬಲಗೈಯಲ್ಲೇ ಉಣ್ತಾ ಇದ್ದಾನಲ್ಲ!"

"ರುಕಿಯಾ, ನಮಗೆ ಕಣ್ಣಿಲ್ವಾ ಅಂತ ಕೇಳು. ಎಡಗೈಯಲ್ಲಿ ಉಂಡ. ಅದೇ ಎಡಗೈಯಲ್ಲಿ ಹೆಂಡತಿಗೆ ಸಿಹಿ ಕೊಟ್ಟ. ಅವಳಾದರೂ ಮುಖಕ್ಕೆ ಎಸೆಯುದು ಬಿಟ್ಟು, ಎಡಗೈ ಚಾಚಿ ತಕ್ಕೊಂಡಳು! ಬಿಸ್ಮಿ ಹೇಳಿ ಬಲಗೈಯಲ್ಲಿ ಉಣ್ಣಲಿಕ್ಕೆ ಕಲಿಸಿ ಬೆಳೆಸಿದ ಮಗಳು ನನ್ನದು. ಅಂಥ ಊರಿಗೆ ಅವಳನ್ನು ಕಳಿಸುದಾ?"

ಜಗಲಿಯ ಹೆಂಗಸರೆಲ್ಲ "ಬೇಡವೇ ಬೇಡ" ಎಂದರು. ಹಂಝನ ಕಣ್ಣೆದುರೇ ಬಿಡಾರದ ಬಾಗಿಲು ದಢಾರನೆ ಮುಚ್ಚಿತು. ಆದರೂ ವೀರ ಕುಗ್ಗುವನೇ! ಪರದೆಯ ಹಿಂಬದಿ ಮುಂದೆ ಬಂದಿರಬೇಕು, ಅದಕ್ಕೇ ಈ ಅವಾಂತರ ಎಂದು ಕ್ಷಣದಲ್ಲಿ ನಿರ್ಧರಿಸಿ ಯಂತ್ರ ನಿಲ್ಲಿಸಿದ. ಕಂಬದಿಂದ ಹಗ್ಗ ಬಿಚ್ಚಿ, ಮುಂಡುಗಳ ಒಳಮೈ ಹೊರಗೆ ಮಾಡಿ ಮತ್ತೆ ಕಟ್ಟಿದ.

ಬಟ್ಟೆಯ ಅಂಚಿನಿಂದ ರುಕಿಯಾ ಇಣುಕಿದಳು. "ಎಂತ ಮಾಡುದು ನೀವು?"

"ಪರದೆ ತಿರುಗಿಸಿದೆ. ಈಗ ಬಲಗೈ ಆಗ್ತದೆ."

"ಬಟ್ಟೆ ತಿರುಗಿಸಿದರೆ ಕೈ ತಿರುಗುದಾ?"

"ಯಂತ್ರದ ವಿಷಯ ನಿನಗೆಂತ ಗೊತ್ತು? ಹೋಗಿ ಕೂತ್ಕೋ!"

ಯಂತ್ರ ನಡೆಯಿತು. ಜಗಲಿಯಿಂದ ನಗೆಯ ಅಲೆ ಎದ್ದಿತು. ಪಟ್ಟಣದವರು ಎಡಗೈಯಲ್ಲೇ ಗಡದ್ದಾಗಿ ಉಣ್ಣುತ್ತಿದ್ದರು. ದೇರಣ್ಣ ಹೊಟ್ಟೆ ಹಿಡಿದುಕೊಂಡು ಎದ್ದು ಕುಳಿತ.

"ಅಲ್ಲ ಮಾರಾಯ, ಆಚೆ ಕೂತವರಿಗೆ ಚಿತ್ರ ಕನ್ನಡಿಯ ಹಾಗೆ ಅದಲುಬದಲಾಗಿಯೇ ಕಾಣುದು. ಸರಿ ಕಾಣಬೇಕಾದರೆ ಅವರ ಬದಿಯಿಂದಲೇ ಬಿಡಬೇಕು. ಯಂತ್ರ ಒಳಗೆ ಹೋಗಬೇಕು."

"ಹಾಗಾದ್ರೆ ಒಳಗೆ ಇಡುವ!"

"ಯಂತ್ರ ಹೋಗಬಹುದು. ಬಿಡುವವ ಯಾರು? ನಾನು ಹೊರಗಿನವ, ಹೆಂಗಸರ ನಡುವೆ ಬರ್ಲಿಕ್ಕಿಲ್ಲ."

ಹೊರಗಿನವ ಹೋಗುವಂತಿಲ್ಲ. ಒಳಗಿನವನಾದ ಪುದಿಯಾಪ್ಳೆಯ ಕಣ್ಣೆದುರು ಅತ್ತೆ ಕೂರುವಂತಿಲ್ಲ. ಮನೆಯೊಳಗೆ ದೊಡ್ಡ ಸಮಾಲೋಚನೆ ನಡೆಯಿತು. ಕೊನೆಗೆ ರುಕಿಯಾ ಒಂದು ದಪ್ಪ ಕಂಬಳಿ ಹಿಡಿದು ಹೊರಗೆ ಬಂದಳು.

"ಉಮ್ಮ ಹೇಳಿದರು, ನೀವು ಬರಬಹುದಂತೆ. ಆದರೆ ಇದರ ಒಳಗೆ."

ಯಂತ್ರ ಜಗಲಿಗೆ ಏರಿತು. ಅದರ ಹಿಂದೆ ಚಿತ್ರ ಪ್ರದರ್ಶನಾಧಿಕಾರಿ ಹಂಝ ತಲೆಯಿಂದ ಸೊಂಟದವರೆಗೆ ಕಂಬಳಿ ಹೊದ್ದು, ಹೆಂಡತಿಯ ಕೈ ಹಿಡಿದು ಪ್ರವೇಶಿಸಿದ. ಬೇಸಿಗೆಯ ಸೆಕೆ, ಪಕ್ಕದಲ್ಲಿ ಕಾದ ಬಲ್ಬು, ಮೇಲೆ ಕಂಬಳಿ. ಇಡೀ ಮನೆಯಲ್ಲಿ ಚಿತ್ರ ಕಾಣದವನೆಂದರೆ ಅದನ್ನು ತೋರಿಸುವವನೊಬ್ಬನೇ! ತಡವರಿಸಿ ಗುಂಡಿ ಒತ್ತಿದ.

"ತಲೆಗಳೆಲ್ಲ ಮೇಲೆ ಮಾಡಿಗೆ ಹೋದವು!" ಯಾರೋ ಕೂಗಿದರು. ಹಂಝ ಯಂತ್ರದ ಮೂಗು ತಗ್ಗಿಸಿದ. "ಈಗ ನೆಲದಲ್ಲಿ ಕೂತಿದ್ದಾರೆ!" ಎತ್ತಿದ. "ಅಯ್ಯೋ, ಗಂಡ ಕಂಬದ ಮೇಲೆ!" ಕಂಬಳಿಯೊಳಗಿಂದ ಆತ ದಿಕ್ಕು ತಪ್ಪಿ ತಿರುಗಿಸುತ್ತಲೇ ಇದ್ದ. ಕೊನೆಗೆ ಜೈನಬಮ್ಮನವರ ತಾಳ್ಮೆ ಮುಗಿಯಿತು. ವರ್ಷದಲ್ಲಿ ಮೊದಲ ಬಾರಿಗೆ, ನಡುವೆ ಮಗಳಿಲ್ಲದೆ, ಅತ್ತೆ ಅಳಿಯನಿಗೆ ನೇರ ಮಾತಾಡಿದರು.

"ಎಡಕ್ಕೆ ತಿರುಗಿಸು ಹಂಝ! ಅಡುಗೆಕೋಣೆ ಪರದೆಯಿಂದ ಹೊರಗೆ ಹೋಯಿತು! ಇನ್ನೂ ಎಡಕ್ಕೆ... ಸಾಕು, ಸಾಕು! ಹಾಂ, ಅಲ್ಲಿಯೇ ಇರು. ಅಲುಗಬೇಡ!"

ಹಂಝ ಅಲುಗಲಿಲ್ಲ. ಉಸಿರೂ ಬಿಡಲಿಲ್ಲ. ಪಟ್ಟಣದ ಗಂಡ ಬಲಗೈಯಲ್ಲಿ ಉಂಡ. ಬಲಗೈಯಲ್ಲಿ ಸಿಹಿ ಕೊಟ್ಟ. "ಹಾಂ, ಹೀಗೆ!" ಎಂದು ಹೆಂಗಸರು ತಲೆದೂಗಿದರು.

ಈಗ ಗೊಂದಲವೆಲ್ಲ ಅಂಗಳದಲ್ಲಿ. "ಹೋಯ್, ನಮ್ಮ ಕಡೆ ಈಗ ಎಲ್ಲ ಎಡಗೈ ಆಯಿತು!" ಎಂದು ಆದಂ ಕುಂಞಿ ಕೂಗಿದರು.

"ನೀವು ಕಣ್ಣು ಮುಚ್ಚಿ ಕೂತ್ಕೊಳ್ಳಿ," ಎಂದರು ಜೈನಬಮ್ಮ. ಆಮೇಲೆ ಕಂಬಳಿಯ ಕಡೆಗೆ: "ಹಂಝ, ಆ ನಲ್ಲಿ, ಆ ಕಪಾಟು, ಆ ದೊಡ್ಡ ಅಡುಗೆಕೋಣೆ... ದರ್ಬೆಯಲ್ಲಿ ನಿನ್ನ ಮನೆಯೂ ಹೀಗೆಯಾ?"

ಕಂಬಳಿಯೊಳಗೆ ಹಂಝನಿಗೆ ಸ್ವರ್ಗದ ಬಾಗಿಲು ತೆರೆದಂತಾಯಿತು. ಆ ಕತ್ತಲೆಯಲ್ಲಿ ಯಾವ ಗಂಡಸು ತಾನೇ ಸತ್ಯ ಹೇಳಿಯಾನು?

"ಇದೇ ಅಂತ ಇಟ್ಕೊಳ್ಳಿ ಮಾಮಿ! ಇದಕ್ಕಿಂತ ಸ್ವಲ್ಪ ಗಾಳಿ ಜಾಸ್ತಿ."

ಬೆಳಿಗ್ಗೆ ಜೀಪಿನ ಬಳಿ ರುಕಿಯಾಳ ಪೆಟ್ಟಿಗೆ ಬಂದು ಕೂತಿತು. ಹಂಝ ದೇರಣ್ಣನತ್ತ ನೋಡಿ ಹುಬ್ಬು ಹಾರಿಸಿದ. ಅಷ್ಟರಲ್ಲಿ ಇನ್ನೊಂದು ಪೆಟ್ಟಿಗೆ ಬಂತು. ಅದರ ಹಿಂದೆ ಅಕ್ಕಿ ಮುಡಿ, ತೆಂಗಿನಕಾಯಿ, ಉಪ್ಪಿನಕಾಯಿಯ ಭರಣಿ, ಕೊನೆಗೆ ಕಾಲು ಕಟ್ಟಿದ ಎರಡು ಕೋಳಿ.

"ಇದೆಲ್ಲ ಯಾರದ್ದು?"

"ಉಮ್ಮನದ್ದು," ಎಂದಳು ರುಕಿಯಾ. "ಅಷ್ಟು ದೊಡ್ಡ ಮನೆಯಲ್ಲಿ ಒಬ್ಬಳೇ ಹೇಗೆ ಸುಧಾರಿಸುದು ಅಂತ ಅವರೂ ಬರ್ತಾರೆ. ಮಳೆಗಾಲ ಮುಗಿಯುವವರೆಗೆ ಇರ್ತಾರಂತೆ."

ದೇರಣ್ಣ ಜೀಪಿಗೆ ತಲೆ ಆನಿಸಿ ನಕ್ಕ ನಗೆಗೆ ಕೋಳಿಗಳು ರೆಕ್ಕೆ ಬಡಿದವು.

ದರ್ಬೆಯಲ್ಲಿ ಸೈಕಲ್ ಅಂಗಡಿಯ ಮೇಲೆ ಮರದ ಏಣಿ ಹತ್ತಿ ಹೋದರೆ ಹಂಝನ ಅರಮನೆ. ಒಂದೇ ಕೋಣೆ. ಮಂಚ ಹಾಕಿದರೆ ಬಾಗಿಲು ತೆರೆಯದು, ಬಾಗಿಲು ತೆರೆದರೆ ಮಂಚ ಹಿಡಿಸದು. ನೀರು ಕೆಳಗಿನ ಬೀದಿ ನಲ್ಲಿಯಿಂದ. ಗಾಳಿ ಮಾತ್ರ ಹೇಳಿದ್ದಕ್ಕಿಂತ ಜಾಸ್ತಿಯೇ ಇತ್ತು, ಒಂದು ಕಿಟಕಿಗೆ ಬಾಗಿಲೇ ಇರಲಿಲ್ಲ.

ಜೈನಬಮ್ಮ ಮಗಳೊಂದಿಗೆ ಒಳಗೆ ಹೋದರು. ಪುದಿಯಾಪ್ಳೆ ಎರಡು ಕೋಳಿ ಹಿಡಿದು ಏಣಿಯ ಮೇಲೇ ನಿಂತ. ಅತ್ತೆ ಒಳಗಿರುವಾಗ ಆ ಕೋಣೆಯಲ್ಲಿ ಅಳಿಯನಿಗೆ ಜಾಗವೆಲ್ಲಿ? ಹಂಝ ಕೋಳಿಗಳ ಮುಖ ನೋಡಿದ, ಕೋಳಿಗಳು ಹಂಝನ ಮುಖ ನೋಡಿದವು. ಮಗಳನ್ನು ಕರೆದುಕೊಂಡು ಇದೇ ಏಣಿ ಇಳಿದುಬಿಟ್ಟರೆ?

ಒಳಗೆ ಸ್ಟವ್ ಹೊತ್ತಿಸಿದ ಸದ್ದಾಯಿತು. ಬಾಗಿಲ ಹಿಂದಿನಿಂದ ಆ ಧ್ವನಿ ಬಂತು.

"ರುಕಿಯಾ, ಪುದಿಯಾಪ್ಳೆಯತ್ರ ಹೇಳು, ಯಂತ್ರವನ್ನು ಇನ್ನೂ ಸ್ವಲ್ಪ ಎಡಕ್ಕೆ ತಿರುಗಿಸಲಿ. ಅಡುಗೆಕೋಣೆ, ಬಚ್ಚಲು, ನಲ್ಲಿ ಎಲ್ಲ ಪರದೆಯಿಂದ ಹೊರಗೆ ಹೋಗಿದೆ!"